ಸೀಳು ಬಿಟ್ಟ ಪಟ್ಟಿ

ತಿಕೋಟಾದಲ್ಲಿ ಬರೀ ಮಲಕವ್ವ ಎಂದು ಕೇಳಿದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಆ ಹೆಸರಿನವರು ಊರಲ್ಲಿ ಏಳೆಂಟು ಮಂದಿ ಇದ್ದರು. ‘ತೋರಸ ಮಲಕವ್ವ’ ಎಂದರೆ ಮಾತ್ರ ಬೀದಿಯ ಚಿಕ್ಕ ಮಕ್ಕಳೂ ಕೈ ಮಾಡಿ ಮನೆ ತೋರಿಸುತ್ತಿದ್ದವು. ತೋರಿಸು ಎನ್ನುವುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಮಾತು. ಹಾಲು ಅಳೆಯುವವಳು ಮಾಪಿನ ತಳ ತೋರಿಸಬೇಕು. ಬಳೆಗಾರ ಮೇಲಿನ ಸಾಲು ಬಿಟ್ಟು ಕೆಳಗಿನ ಸಾಲಿನ ಬಳೆ ತೋರಿಸಬೇಕು. ಮಗಳನ್ನು ನೋಡಲು ಬಂದ ಹೊನವಾಡದ ಬೀಗರು ಅವಲಕ್ಕಿ ತಿಂದು ಕೈ ತೊಳೆಯುವ ಹೊತ್ತಿಗೆ, ವರನ ಅಂಗೈ ಹಿಡಿದು ತಿರುಗಿಸಿ, ಅದು ದುಡಿದ ಕೈಯೋ ಅಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿದ ಹೆಂಗಸು ಅವಳು. ಮದುವೆ ಆಯಿತು, ಅದು ಬೇರೆ ಮಾತು. ಆದರೆ ಆ ಅಳಿಯ ಮುಂದೆ ಎಂದೂ ಅತ್ತೆಯ ಎದುರು ಕೈ ಚಾಚಿ ಕೂರಲಿಲ್ಲ.

ಇಷ್ಟೆಲ್ಲ ತೋರಿಸು ಎನ್ನುವವಳು ತಾನು ಮಾತ್ರ ಒಂದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಅದು ಅವಳ ಎಡಗಾಲು. ಸೀರೆಯನ್ನು ಆ ಕಡೆಗೆ ನಾಲ್ಕು ಬೆರಳು ಇಳಿಬಿಟ್ಟೇ ಉಡುತ್ತಿದ್ದಳು. ಎಂಟು ವರ್ಷದವಳಿದ್ದಾಗ ಮೇವಿನ ಬಂಡಿಯಿಂದ ಬಿದ್ದು, ಪಾದವೂ ಕಾಲೂ ಕೂಡುವ ಹರಡಿನ ಹತ್ತಿರ ಎಲುಬು ಮುರಿದಿತ್ತು. ಅವಳಪ್ಪ ಹೆಗಲ ಮೇಲೆ ಹೊತ್ತು ಬಬಲೇಶ್ವರಕ್ಕೆ ಒಯ್ದು, ಅಲ್ಲಿ ಎಲುಬು ಕಟ್ಟುತ್ತಿದ್ದ ಬಂದಗೀಸಾಬನ ಮುಂದೆ ಇಳಿಸಿದ. ಆತ ಉದ್ದಿನ ಹಿಟ್ಟನ್ನು ತತ್ತಿಯ ಲೋಳೆಯಲ್ಲಿ ಕಲಸಿ ಬಳಿದು, ನಾಲ್ಕು ಬಿದಿರಿನ ದಬ್ಬೆ ಇಟ್ಟು, ಮೂರು ಕಡೆ ಬಿಗಿದು ಕಟ್ಟಿದ. ಎಂಟು ದಿನ ಬಿಚ್ಚಬೇಡಿ ಎಂದ. ಮೂರನೆಯ ದಿನಕ್ಕೆ ಬೆರಳು ಕಪ್ಪಾದವು. ಕೂಸು ಅತ್ತು ಅತ್ತು ದನಿ ಕಳೆದುಕೊಂಡರೂ ಹಿರಿಯರು ಹೇಳಿದ ಮಾತು ಹೇಳಿದ್ದೇ ಎಂದು ಯಾರೂ ಕಟ್ಟಿಗೆ ಕೈ ಹಚ್ಚಲಿಲ್ಲ. ಒಂಬತ್ತನೆಯ ದಿನ ಬಿಚ್ಚಿದರು. ಎರಡು ಬೆರಳು ಉಳಿಯಲಿಲ್ಲ, ಪಾದ ಒಳಕ್ಕೆ ತಿರುಗಿ ಹಾಗೇ ಕೂತುಬಿಟ್ಟಿತು.

ಅಂದಿನಿಂದ ಮಲಕವ್ವನ ಪಾಲಿಗೆ ಲೋಕದಲ್ಲಿ ಮುಚ್ಚಿಟ್ಟದ್ದೆಲ್ಲ ಮೋಸ.

ಈ ಸ್ವಭಾವ ಒಂದು ಕಡೆ ಮಾತ್ರ ಊರಿಗೆ ಉಪಯೋಗಕ್ಕೆ ಬಂತು. ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿದ ಮೇಲೆ, ಒಳಗೆ ಕಾಳು ಹೇಗಿದೆ ಎಂದು ತೆಗೆದು ನೋಡುವ ಹಾಗಿಲ್ಲ. ತೆಗೆದರೆ ಥಂಡಿ ಹೊಗುತ್ತದೆ. ಮಲಕವ್ವ ಕಲ್ಲಿನ ಬದಿಗೆ ಒಂದು ಸಣ್ಣ ತೂತು ಮಾಡಿ ಉದ್ದ ಸಲಾಕೆ ಇಳಿಸುತ್ತಿದ್ದಳು. ತುಸು ಹೊತ್ತು ಬಿಟ್ಟು ಹೊರಗೆ ಎಳೆದು ತುದಿ ಮೂಸುತ್ತಿದ್ದಳು. ಹುಳಿ ನಾತ ಬಂದರೆ ಕಾಳು ಬಿಸಿಯೇರಿದೆ, ಸಿಹಿ ವಾಸನೆ ಬಂದರೆ ಸುಖವಾಗಿದೆ. ಅವಳ ಮೂಗು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಗೌಡರ ಹಗೇವಿಗೂ ಅವಳನ್ನೇ ಕರೆಯುತ್ತಿದ್ದರು. ಅವಳಿಗೂ ತನ್ನ ಮೂಗಿನ ಮೇಲೆ ಸ್ವಲ್ಪ ಜಂಬವೇ ಇತ್ತು.

ಅರವತ್ತೊಂದರ ಸುಗ್ಗಿಯಲ್ಲಿ ಅವಳ ಮೊಮ್ಮಗಳು ಸೀತವ್ವ ಒಣ ಜೋಳದ ಕಣಿಕೆಯ ಬಣವೆಯ ಮೇಲಿಂದ ಜಾರಿ ಬಿದ್ದಳು. ಮಗ ಗುರಣ್ಣನ ಚೊಚ್ಚಲ ಕೂಸು ಅದು, ಆರು ವರ್ಷ. ತಾಯಿ ಪರಸವ್ವ ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೋಗುವಾಗ ಅತ್ತೆಯ ಕೈ ಹಿಡಿದು, ‘ನಿಮ್ಮ ಹಂತ್ಯಾಕ ಬಿಟ್ಟ ಹೊಂಟೇನ್ರಿ’ ಎಂದು ಕೂಸನ್ನು ಒಪ್ಪಿಸಿ ಹೋಗಿದ್ದಳು.

ಮಲಕವ್ವ ಓಡಿ ಬಂದು ನೋಡಿದರೆ ಸೀತಿಯ ಬಲಗಾಲಿನ ಹರಡು ಬಾತು, ಪಾದ ತುಸು ಹೊರಕ್ಕೆ ಹೊರಳಿತ್ತು. ಮಲಕವ್ವನಿಗೆ ತನ್ನದೇ ಕಾಲು ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ಮತ್ತೆ ಮುರಿದಂತಾಯಿತು. ಸುತ್ತ ನೆರೆದವರಲ್ಲಿ ಯಾರೋ ಬಬಲೇಶ್ವರ ಎಂದರು.

‘ಬಬಲೇಶ್ವರದ ಹೆಸರ ತಗದ್ರ ನಾಲಿಗಿ ಕಿತ್ತೇನ ನೋಡ್ರಿ’ ಎಂದಳು ಮಲಕವ್ವ.

‘ಹಂಗಾರ ಬಿಜಾಪುರಕ್ಕ ಹೋಗೂನು ಬೇ ಯವ್ವಾ’ ಎಂದ ಗುರಣ್ಣ. ‘ಸ್ಟೇಷನ್ ರೋಡಿಗೆ ಶಾಂತಪ್ಪ ಡಾಕ್ಟರರ ದವಾಖಾನಿ ಐತಿ. ಎಲುಬಿಂದ ಫೋಟೋ ತಗೀತಾರಂತ.’

‘ಫೋಟೋ ತಗದು ಕೊಯ್ತಾರ.’

‘ಕೊಯ್ಯಲಿಲ್ಲಂದ್ರ?’

ಅವಳಿಗೆ ಕೊಯ್ದರೂ ಭಯ, ಕೊಯ್ಯದಿದ್ದರೂ ಭಯ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಮುರಿದ ಕಾಲಿಗೆ ಬಸ್ಸಿನ ಹೊಡೆತ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಿಜಾಪುರ ಮುಟ್ಟಿದಳು. ಈ ಕಾಲು ತನ್ನ ಕಾಲಿನಂತೆ ಆಗಬಾರದು, ಇಷ್ಟೇ ಅವಳ ತಲೆಯಲ್ಲಿ ಇದ್ದದ್ದು.

ದವಾಖಾನೆಯ ಮೆಟ್ಟಿಲು ಹತ್ತುವಾಗ ಸೀರೆ ಕಾಲಿಗೆ ತೊಡರಿತು. ಒಂದು ಕೈಯಿಂದ ಎತ್ತಿ ಹಿಡಿಯಬೇಕಾಯಿತು. ಬಾಗಿಲಲ್ಲಿ ಬಿಳಿ ಅಂಗಿ ತೊಟ್ಟು ನಿಂತಿದ್ದ ಒಬ್ಬ ಮನುಷ್ಯ, ಮೂವತ್ತೈದರ ಆಸುಪಾಸಿನವನು, ಮೊದಲು ಕೂಸಿನ ಕಾಲು ನೋಡಿದ, ಆಮೇಲೆ ಮಲಕವ್ವನ ಕಾಲು ನೋಡಿದ. ನೋಡಿದವನು ನೋಡುತ್ತಲೇ ನಿಂತ.

‘ಯಾವೂರ್ರಿ ಯವ್ವಾ?’ ಎಂದ.

‘ತಿಕೋಟಾ. ಯಾಕ?’

ಅವನು ಏನೂ ಹೇಳದೆ ಒಳಗೆ ಹೋದ. ಮಲಕವ್ವ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆತ ಪ್ಲಾಸ್ಟರ್ ಪಟ್ಟಿ ಹಾಕುವ ಲಾಡಲೇಸಾಬ ಎಂದು ಆಮೇಲೆ ತಿಳಿಯಿತು.

ಶಾಂತಪ್ಪ ಡಾಕ್ಟರು ಫೋಟೋ ತೆಗೆಸಿದರು. ಮುರಿದ ಕಾಲಿನದಷ್ಟೇ ಅಲ್ಲ, ಗಟ್ಟಿಯಿದ್ದ ಎಡಗಾಲಿನದೂ ತೆಗೆಸಿದರು. ನೆಟ್ಟಗಿರುವ ಕಾಲಿಗೆ ಫೋಟೋ ಏಕೆ? ಮಲಕವ್ವನ ಹುಬ್ಬು ಅಲ್ಲೇ ಗಂಟಿಕ್ಕಿತು. ಡಾಕ್ಟರು ಕರಿ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವಳೂ ಪಕ್ಕಕ್ಕೆ ಹೋಗಿ ಇಣುಕಿದಳು. ಎರಡೂ ಕಾಲಿನಲ್ಲಿ, ಹರಡಿನ ಸ್ವಲ್ಪ ಮೇಲೆ, ಎಲುಬಿಗೆ ಅಡ್ಡಲಾಗಿ ಒಂದು ಕರಿ ಗೆರೆ ಇತ್ತು.

‘ಎರಡೂ ಮುರದಾವು!’ ಎಂದು ಚೀರಿದಳು. ‘ಮನಿಯಿಂದ ಬರಾಗ ಒಂದ ಮುರದಿತ್ತು. ಇನ್ನೊಂದು ಯಾರ ಮುರದ್ರಿ?’

ಗುರಣ್ಣ ನಾಚಿಕೆಯಿಂದ ಗೋಡೆಯ ಕಡೆ ತಿರುಗಿದ. ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡ ಗುಣ.

‘ನೋಡ್ರಿ ಯವ್ವಾ, ಈ ಗೆರಿ ಒಡಕಲ್ಲ. ಸಣ್ಣ ಮಕ್ಕಳ ಎಲುಬಿನ ತುದಿಗೆ ಹಿಂಗ ಇರ್ತದ. ಅಲ್ಲಿಂದನ ಎಲುಬು ಬೆಳೀತದ. ನಿಮ್ಮ ಕಾಲಾಗ, ನನ್ನ ಕಾಲಾಗ ಅದು ಎಂದೋ ಮುಚ್ಚೇದ. ಅದಕ್ಕ ಛಲೋ ಕಾಲಿಂದೂ ತಗಸೇನಿ, ಎರಡೂ ಹೋಲಿಸಿ ನೋಡಾಕ. ಈ ಬಲಗಾಲಾಗ ಆ ಗೆರಿ ಗುಂಟ ತುದಿ ಜರಾ ಸರದದ, ಕಂಡಿತಿಲ್ಲ?’

‘ಕೊಯ್ತೀರೇನ?’

‘ಕೊಯ್ಯೂದಿಲ್ಲ. ಸರದದ್ದನ್ನ ಕೈಲೆ ಕೂಡಿಸಿ ಪಟ್ಟಿ ಹಾಕಿದ್ರ ಸಾಕು. ಕೂಸಿನ ಎಲುಬು ತಾನ ಕೂಡ್ತದ. ನಾವು ನೆಟ್ಟಗ ಹಿಡದಿಟ್ಟರ ಆತು. ಆರು ವಾರ.’

ಕೊಯ್ಯದೆ, ಮೂಲಿಕೆ ಬಳಿಯದೆ, ಎಣ್ಣೆ ತಿಕ್ಕದೆ ಕಾಲು ನೆಟ್ಟಗಾಗುತ್ತದೆಂದರೆ ಅದು ವೈದ್ಯವೋ ಮಾತಿನ ಮಂಟಪವೋ? ಮಲಕವ್ವನಿಗೆ ನಂಬಿಕೆ ಬರಲಿಲ್ಲ. ಮೇಲಾಗಿ ಕೂಸಿಗೆ ಮೂಗಿನ ಹತ್ತಿರ ಔಷಧಿ ಹಿಡಿದು ಮಲಗಿಸಬೇಕೆಂದು ಇವರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಕೊಯ್ಯದವರಿಗೆ ಬಾಗಿಲು ಏಕೆ ಮುಚ್ಚಬೇಕು? ಅವಳು ಬಾಗಿಲ ಸಂದಿಗೆ ಕಿವಿ ಹಚ್ಚಿ ನಿಂತಳು. ಒಳಗಿಂದ ನೀರಿನ ಸದ್ದು, ಡಾಕ್ಟರರ ‘ಹಾಂ, ಹಂಗ ಹಿಡಿ’ ಎಂಬ ಮಾತು, ಇಷ್ಟೇ ಕೇಳಿಸಿತು.

ಬಾಗಿಲು ತೆರೆದಾಗ ಸೀತಿಯ ಕಾಲು ಬೆರಳುಗಳ ಬುಡದಿಂದ ಮೊಣಕಾಲಿನವರೆಗೆ ಬೆಳ್ಳಗಾಗಿತ್ತು. ಮಲಕವ್ವ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. ‘ಬಿಸಿ ಐತಿ! ಕೂಸಿನ ಕಾಲ ಬೇಯಸಾಕತ್ತೀರೇನ?’

‘ಪಟ್ಟಿ ಗಟ್ಟಿ ಆಗೂಮುಂದ ಬಿಸಿ ಆಗ್ತೈತ್ರಿ ಯವ್ವಾ, ತಾನ ತಣ್ಣಗಾಗ್ತೈತಿ’ ಎಂದ ಲಾಡಲೇಸಾಬ.

‘ಒಳಗ ಏನ ಮಾಡೀರಿ, ತೋರಸ.’

‘ಅದನ್ನ ತೋರಸಾಕ ಬರೂದಿಲ್ರಿ.’

ಅಷ್ಟು ಹೇಳಿ ಅವನು ಮಾಡಿದ ಕೆಲಸವಂತೂ ಅವಳ ಅನುಮಾನಕ್ಕೆ ತುಪ್ಪ ಸುರಿಯಿತು. ಈಗಷ್ಟೇ ಹಾಕಿದ ಹೊಸ ಪಟ್ಟಿಯನ್ನು ಮುಂಭಾಗದಲ್ಲಿ ಮೇಲಿಂದ ಕೆಳಗಿನವರೆಗೆ ಚಾಕುವಿನಿಂದ ಸೀಳಿದ! ಬೆರಳು ತೂರುವಷ್ಟು ಸಂದು ಬಿಡಿಸಿ, ಮೇಲೆ ಬರೀ ಅರಿವೆ ಸುತ್ತಿದ. ಒಡೆದ ಗಡಿಗೆಯನ್ನು ಕುಂಬಾರ ಮಾರಿದ ಹಾಗೆ ಸೀಳಿದ ಪಟ್ಟಿಯನ್ನು ತಮ್ಮ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡಳು. ಅವನೋ ಅದನ್ನು ವಿವರಿಸದೆ, ಸೀತಿಯ ಹೆಬ್ಬೆರಳಿನ ಉಗುರು ಒತ್ತಿ ತೋರಿಸಿದ.

‘ಹಿಂಗ ಒತ್ರಿ. ಬೆಳ್ಳಗಾಗಿ ಮತ್ತ ಕೆಂಪ ಆಗಬೇಕು. ಮುಂಜಾನಿ, ಮಧ್ಯಾಹ್ನ, ಸಂಜಿಕ ನೋಡ್ರಿ. ಬೆರಳ ನೀಲಿ ಆದ್ರ, ತಣ್ಣಗಾದ್ರ, ಕೂಸು ತಡೀಲಾರದ ಅತ್ರ, ಯಾರನ್ನೂ ಕೇಳಬ್ಯಾಡ್ರಿ, ಸಿಕ್ಕ ಗಾಡಿ ಹತ್ತಿ ಬರ್ರಿ. ಕಾಲ ಎತ್ತರಕ್ಕ ಇಡ್ರಿ. ನೀರ ಮುಟ್ಟಿಸಬ್ಯಾಡ್ರಿ. ಒಳಗ ಏನೂ ಹಾಕಬ್ಯಾಡ್ರಿ, ಎಷ್ಟ ತಿಂಡಿ ಎದ್ದು ತುರಸಬೇಕನಿಸಿದರೂ.’

ಹೇಳುವಾಗ ಅವನ ಕಣ್ಣು ಮತ್ತೆ ಅವಳ ಸೀರೆಯ ಅಂಚಿಗೆ ಹೋಗಿ ಬಂತು. ಮಲಕವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

ಮನೆಯಲ್ಲಿ ಅವಳು ಬೆರಳು ನೋಡಿದ್ದು ದಿನಕ್ಕೆ ಮೂರು ಸಲವಲ್ಲ, ಮೂವತ್ತು ಸಲ. ಸೀತಿ ಉಗುರು ಒತ್ತಿಸಿಕೊಂಡು ಒತ್ತಿಸಿಕೊಂಡು ಬೇಸತ್ತು, ‘ಆಯೀ, ಉಗುರ ಕಿತ್ತ ಬರತೈತಿ’ ಎನ್ನುತ್ತಿದ್ದಳು. ಮಲಕವ್ವ ಅರಿವೆ ಸರಿಸಿ ಆ ಸೀಳಿನಲ್ಲಿ ಇಣುಕಿ, ಒಳಗಿನ ಚರ್ಮ ಹೇಗಿದೆ ಎಂದು ನೋಡುತ್ತಿದ್ದಳು. ಬಾವು ಏರಿ ಸೀಳು ಮೊದಲೆರಡು ದಿನ ಅಗಲವಾಯಿತು, ಆಮೇಲೆ ಇಳಿಯಿತು. ಬೆರಳು ಮಾತ್ರ ಕೆಂಪಗೆ ಬೆಚ್ಚಗೆ ಇದ್ದವು. ಇಷ್ಟಾದರೂ ಅವಳಿಗೆ ಸಮಾಧಾನವಿಲ್ಲ. ಎಲ್ಲವೂ ಸರಿಯಿದ್ದಾಗಲೇ ಏನೋ ಮುಚ್ಚಿಟ್ಟಿರುತ್ತಾರೆ ಎನ್ನುವುದು ಅವಳ ಲೆಕ್ಕ.

ಎಂಟನೆಯ ದಿನ ಮತ್ತೆ ಫೋಟೋ ತೆಗೆದರು. ಎಲುಬು ಕೂಡಿಸಿದಲ್ಲೇ ಇದೆ ಎಂದರು ಡಾಕ್ಟರು. ಬಾವು ಇಳಿದಿದ್ದರಿಂದ ಲಾಡಲೇಸಾಬ ಆ ಸೀಳಿನ ಮೇಲೆ ಹೊಸ ಪಟ್ಟಿ ಸುತ್ತಿ ಪೂರಾ ಮುಚ್ಚಿಬಿಟ್ಟ. ಮಲಕವ್ವನಿಗೆ ತನ್ನ ಕಿಟಕಿಯನ್ನೇ ಮುಚ್ಚಿದಂತಾಯಿತು. ಅವತ್ತೇ, ಅಂಗಳ ಗುಡಿಸುತ್ತಿದ್ದ ದವಾಖಾನೆಯ ಆಯಾ ಮದೀನಾಬಿಯನ್ನು ಮಾತಿಗೆ ಎಳೆದು, ‘ಈ ಪಟ್ಟಿ ಹಾಕೂ ಮನಶಾ ಯಾವೂರಾಂವ?’ ಎಂದು ಕೇಳಿದಳು.

‘ಲಾಡಲೇಸಾಬ? ಬಬಲೇಶ್ವರದಾಂವ. ಅವರಪ್ಪ ಬಂದಗೀಸಾಬ ಎಲುಬ ಕಟ್ಟತಿದ್ದ, ತೀರಿಕೊಂಡು ನಾಕ ವರ್ಷಾತು. ಇಂವನ ಕೈಗುಣ ನೋಡಿ ಡಾಕ್ಟರ ಕರಕೊಂಡ ಬಂದಾರ.’

ಮಲಕವ್ವ ಸೀರೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ತನ್ನ ಕಾಲು ತಿಂದವನ ಮಗ ಮೊಮ್ಮಗಳ ಕಾಲು ಕಟ್ಟಿದ್ದಾನೆ. ಬಾಗಿಲಲ್ಲಿ ತನ್ನ ಪಾದ ನೋಡಿ ಊರು ಕೇಳಿದ್ದು ಅದಕ್ಕೇ. ಗುರುತು ಹಿಡಿದಿದ್ದಾನೆ, ತುಟಿ ಪಿಟಕ್ಕೆನ್ನುತ್ತಿಲ್ಲ. ತಿಳಿದೂ ಸುಮ್ಮನಿರುವವನ ಮನಸ್ಸಿನಲ್ಲಿ ಏನಿರಬೇಡ! ದಾರಿಯುದ್ದಕ್ಕೂ ಗುರಣ್ಣನಿಗೆ ಹೇಳಬೇಕೆಂದುಕೊಂಡು ಹೇಳಲಿಲ್ಲ. ಹೇಳಿದರೆ, ನಿನಗೆ ಹುಚ್ಚು ಎನ್ನುತ್ತಾನೆ, ತೋರಿಸಲು ತನ್ನ ಕೈಯಲ್ಲಿ ಏನಿದೆ?

ಮರುದಿನ ಗುರಣ್ಣ ಹೊಲಕ್ಕೆ ಹೋದ ಮೇಲೆ ಅವಳು ಕಣಿಕೆಯ ಒಂದು ದಂಟು ಸೀಳಿ, ತೆಳ್ಳಗೆ, ಗೇಣುದ್ದದ ಸಿಬಿರು ಮಾಡಿದಳು. ಹಗೇವಿಗೆ ಸಲಾಕೆ ಇಳಿಸಿದ ಹಾಗೆಯೇ ಮೊಣಕಾಲಿನ ಕೆಳಗಿನ ಅಂಚಿನಿಂದ ಪಟ್ಟಿಯೊಳಗೆ ಇಳಿಸಿ, ತುಸು ಹೊತ್ತು ಬಿಟ್ಟು, ತೆಗೆದು ಮೂಸಿದಳು. ಬೆವರಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಒಳಗಿನ ತುರಿಕೆಗೆ ಹಿತವೆನಿಸಿ ಸೀತಿ ನಕ್ಕಳು. ‘ಇನ್ನೊಮ್ಮಿ ಆಯಿ’ ಎಂದಳು.

‘ಯಾರ ಮುಂದೂ ಹೇಳಬ್ಯಾಡ’ ಎಂದಳು ಮಲಕವ್ವ.

ಹೀಗೆ ದಿನಾ ನಡೆಯಿತು. ಐದನೆಯ ದಿನ ಸಿಬಿರನ್ನು ಇನ್ನೂ ಆಳಕ್ಕೆ, ಹರಡಿನವರೆಗೆ ಮುಟ್ಟಿಸಿ ನೋಡೋಣ ಎಂದು ತಳ್ಳಿದಳು. ಹೊರಗೆ ಎಳೆದಾಗ ತುದಿ ಮೊಂಡಾಗಿತ್ತು. ಮೊದಲೇ ಹಾಗಿತ್ತೇನೋ ಎಂದುಕೊಂಡಳು. ಪರರ ಕೈಯಲ್ಲಿ ಕೂದಲೆಳೆಯಷ್ಟು ಬದಲಾದರೂ ಹಿಡಿಯುವ ಮಲಕವ್ವ ತನ್ನ ಕೈಯಲ್ಲಿದ್ದ ಸಿಬಿರು ಎರಡು ಬೆರಳುದ್ದ ಕಡಿಮೆಯಾದದ್ದನ್ನು ನೋಡಲಿಲ್ಲ. ಮಂದಿಯ ಮೇಲೆ ಕಣ್ಣಿಟ್ಟವರ ಕಥೆಯೇ ಹೀಗೆ, ನನಗಂತೂ ಅವಳ ಮೇಲೆ ಸಿಟ್ಟೂ ಬರುತ್ತದೆ, ಪಾಪವೂ ಅನಿಸುತ್ತದೆ.

ಮತ್ತೆ ಮೂರು ದಿನಕ್ಕೆ ಸೀತಿ ಊಟ ಬಿಟ್ಟು ಅಳತೊಡಗಿದಳು. ಒಂದೇ ಜಾಗ ತೋರಿಸುತ್ತಿದ್ದಳು, ಹರಡಿನ ಒಳಬದಿ. ಮಲಕವ್ವ ಪಟ್ಟಿಯ ಅಂಚಿಗೆ ಮೂಗು ಹಚ್ಚಿದಳು. ಈ ಸಲ ಬಂತು ನಾತ. ಹುಳಿ ನಾತ, ಸಂಶಯವೇ ಇಲ್ಲ. ಅವಳಿಗೆ ಅಂಜಿಕೆಯ ಜೊತೆಗೇ, ಹೇಳಬಾರದು, ಒಂದು ತರಹದ ಗೆಲುವೂ ಆಯಿತು. ನಾನು ಹೇಳಿರಲಿಲ್ಲವೇ! ಗುರಣ್ಣನಿಗಾಗಿ ಕಾಯದೆ ಸೀತಿಯನ್ನು ಬಗಲಿಗೆ ಎತ್ತಿಕೊಂಡು, ಕುಂಟುತ್ತ ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದಳು.

‘ಎಲ್ಲಿದ್ದಾನ ಆ ಬಬಲೇಶ್ವರದಾಂವ?’ ಎಂದು ಕೂಗುತ್ತಲೇ ದವಾಖಾನೆ ಹೊಕ್ಕಳು. ‘ಬಾ, ನಿನ್ನ ಕಟ್ಟು ಬಂದು ನೋಡು. ಅಪ್ಪ ನಂದ ತಿಂದ, ನೀ ಇದರದ್ದ ತಿಂದಿ!’

ಕುಳಿತಿದ್ದ ಮಂದಿಯೆಲ್ಲ ತಿರುಗಿ ನೋಡಿದರು.  ಲಾಡಲೇಸಾಬ ಸೀತಿಯನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದ. ಮೊದಲು ಉಗುರು ಒತ್ತಿ ನೋಡಿದ, ಕೆಂಪು ಮರಳಿತು. ‘ಬೆರಳ ಛಲೋ ಅದಾವು’ ಎಂದು ತನಗೆ ತಾನೇ ಹೇಳಿಕೊಂಡ. ಕೂಸು ತೋರಿಸಿದ ಜಾಗದಲ್ಲಿ ಪಟ್ಟಿಯನ್ನು ಚೌಕಾಗಿ ಕೊರೆದು ಒಂದು ಕಿಟಕಿ ಮಾಡಿ, ಒಳಗಿನ ಹತ್ತಿ ಸರಿಸಿದ. ಸಣ್ಣ ಹುಣ್ಣು, ಸುತ್ತ ಕೀವು. ನಡುವೆ ಏನೋ ಅಡ್ಡ ಇತ್ತು. ಚಿಮಟದಿಂದ ಎತ್ತಿ ಅಂಗೈ ಮೇಲೆ ಇಟ್ಟುಕೊಂಡ.

ಎರಡು ಬೆರಳುದ್ದದ ಜೋಳದ ಸಿಬಿರು.

ಅವನು ಅಂಗೈಯನ್ನು ಮಲಕವ್ವನ ಮುಂದೆ ಹಿಡಿದ. ಜನ್ಮದಲ್ಲಿ ಮೊದಲ ಸಲ ಅವಳಿಗೆ ನೋಡುವುದು ಬೇಡವಾಗಿತ್ತು.

ಅಷ್ಟರಲ್ಲಿ ಗಲಾಟೆ ಕೇಳಿ ಶಾಂತಪ್ಪ ಡಾಕ್ಟರು ಒಳಗಿನ ಕೋಣೆಯಿಂದ ಬಂದರು. ಹುಣ್ಣು ನೋಡಿದರು, ಸಿಬಿರು ನೋಡಿದರು. ಮಕ್ಕಳು ತುರಿಕೆ ತಾಳದೆ ಕಡ್ಡಿ ತುರುಕುವುದು ಅವರಿಗೆ ಹೊಸದಲ್ಲ. ಸೀತಿಯ ಕಡೆ ತಿರುಗಿ ದನಿ ಏರಿಸಿದರು. ‘ಏನವಾ, ನೀನ ಹಾಕಿದ್ದೇನ ಇದನ್ನ? ಹೇಳಿರಲಿಲ್ಲ, ಏನೂ ಹಾಕಬ್ಯಾಡಂತ?’

ಸೀತಿ ಅಜ್ಜಿಯ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಬಾಯಿ ಬಿಡಲಿಲ್ಲ. ಯಾರ ಮುಂದೂ ಹೇಳಬೇಡ ಎಂದಿದ್ದಳಲ್ಲ ಆಯಿ. ಆಮೇಲೆ ತಲೆ ಕೆಳಗೆ ಹಾಕಿ, ಹೌದು ಎನ್ನುವಂತೆ ಆಡಿಸಿದಳು.

 ಎಂಟು ದಿನ ಬಿಚ್ಚಬೇಡಿ ಎಂದ ಮಾತಿಗೆ ಅಂಜಿ ಅತ್ತ ಇನ್ನೊಂದು ಕೂಸು ಮಲಕವ್ವನಿಗೆ ನೆನಪಾಯಿತು.

‘ಅದಲ್ರಿ. ನಾ ಹಾಕೀನಿ’ ಎಂದಳು. ‘ಮೂಸಿ ನೋಡಾಕ ಹಾಕೀನಿ. ದಿನಾ ಹಾಕೀನಿ.’

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ‘ಏನ ಮಾಡೀರಿ ತಿಳದದೇನ? ಕೊಯ್ಯಲಾರದ ಉಳಿಸಿದ ಕಾಲದು. ಇನ್ನ ನಾಕ ದಿನ ತಡಾ ಆಗಿ ಕೀವು ಎಲುಬಿಗಿ ಇಳದಿದ್ರ ಕೊಯ್ಯೂದ ಬರ್ತಿತ್ತು. ಬೆಳ್ಯೂ ಗೆರಿ ಕೆಟ್ಟು ಕಾಲು ಗಿಡ್ಡ ಆಗ್ತಿತ್ತು. ಯಾಕ ಮಾಡಿದ್ರಿ?’

ಯಾಕೆ? ಮಲಕವ್ವ ಹತ್ತು ಜನರ ಎದುರು ಬಗ್ಗಿ ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿದಳು. ಒಳಕ್ಕೆ ತಿರುಗಿದ ಪಾದ, ಮೂರೇ ಬೆರಳು, ಕಣಕಾಲಿನ ಮೇಲೆ ಹಗ್ಗ ಕಚ್ಚಿದ ಮೂರು ಗುರುತು. ನಲವತ್ತೆರಡು ವರ್ಷ ಗಂಡನಿಗೂ ನೆಟ್ಟಗೆ ತೋರಿಸದ ಕಾಲು.

‘ಇದಕ್ಕ’ ಎಂದಳು. ‘ಇವರಪ್ಪ ಕಟ್ಟಿದ್ದ.’

 ಲಾಡಲೇಸಾಬ ಕೈಯಲ್ಲಿದ್ದ ಸಿಬಿರನ್ನು ಬದಿಗಿಟ್ಟು, ನೆಲದ ಮೇಲೆ ಅವಳ ಕಾಲಿನ ಮುಂದೆ ಕುಳಿತ. ಮುಟ್ಟಲಿಲ್ಲ, ನೋಡಿದ.

‘ಅವತ್ತ ಬಾಗಲದಾಗ ನೋಡಿದಾಗನ ತಿಳೀತ್ರಿ ಯವ್ವಾ. ಮೂರು ಗಂಟಿನ ಕಟ್ಟು ಅಪ್ಪಂದು. ಹೇಳಾಕ ಬಾಯಿ ಬರಲಿಲ್ಲ. ಹೇಳಿದ್ರ ಕೂಸಿನ್ನ ಎತ್ತಿಗೊಂಡ ಹೊಳ್ಳಿ ಹೋಗ್ತಿದ್ರಿ. ಅದಕ್ಕ ಸುಮ್ಮನಾದೆ.’

‘ಹೋಗ್ತಿದ್ದೆ’ ಎಂದಳು ಅವಳು.

‘ಅಪ್ಪಗ ಆಮ್ಯಾಲ ಸುದ್ದಿ ಮುಟ್ಟಿತ್ರಿ, ತಿಕೋಟಾದ ಹುಡಿಗಿ ಬೆರಳ ಹ್ವಾದುವಂತ. ನಿಮ್ಮೂರಿಗಿ ಮೂರ ಸಲ ಬಂದಿದ್ನಂತ, ಬಾವಿ ತನಕ ಬಂದು ಹೊಳ್ಳಿ ಹೋಗ್ಯಾನ. ನಿಮ್ಮಪ್ಪನ ಮುಂದ ನಿಂದ್ರಾಕ ಧೈರ್ಯ ಆಗಲಿಲ್ಲ. ಅವತ್ತಿನಿಂದ ಎಂಟ ದಿನ ಬಿಚ್ಚಬ್ಯಾಡ್ರಿ ಅನ್ನೂದ ಬಿಟ್ಟ. ಕಟ್ಟಿದ್ದು ಬಾವು ಇಳಿಯೂ ತನಕ ಸಡ್ಲ ಇರಬೇಕಂತ, ದಬ್ಬಿ ನಡುವ ಸಂದು ಬಿಡತಿದ್ದ. ನನಗ ಕಲಸೂಮುಂದ ಮದಲ ಬೆರಳ ನೋಡ ಅಂತಿದ್ದ. ಎಲುಬು ಆಮ್ಯಾಲ, ಮದಲ ಬೆರಳು. ತಿಕೋಟಾದ ಕೂಸಿನ್ನ ಮರಿಬ್ಯಾಡ ಅಂತಿದ್ದ.’

ಅವನು ಸೀತಿಯ ಪಟ್ಟಿಯ ಕಡೆ ಕೈ ಮಾಡಿದ. ‘ಮೊದಲ ದಿನ ನಾ ಸೀಳಿದ್ದು ಅದಕ್ಕರಿ. ಡಾಕ್ಟರ ಪುಸ್ತಕದಾಗೂ ಹಂಗನ ಐತಿ ಅಂತಾರ. ನಾ ಕಲತದ್ದು ಮಾತ್ರ ನಿಮ್ಮ ಕಾಲಿಲೆ.’

ಮಲಕವ್ವ ಸೀರೆ ಇಳಿಸಲಿಲ್ಲ. ಬೈಯಬೇಕೆನಿಸಿತು, ಬೈಗುಳ ಬರಲಿಲ್ಲ. ಅಳು ಬಂತು, ಗಟ್ಟಿಯಾಗಿ ಅತ್ತುಬಿಟ್ಟಳು. ಬಂದಗೀಸಾಬನನ್ನು ಅವಳು ಅವತ್ತೂ ಕ್ಷಮಿಸಲಿಲ್ಲ. ಬಾವಿಯವರೆಗೆ ಬಂದವನು ಇನ್ನು ನೂರು ಹೆಜ್ಜೆ ಬರಬೇಕಿತ್ತು ಎಂದೇ ಸಾಯುವವರೆಗೆ ಹೇಳುತ್ತಿದ್ದಳು. ಆದರೆ ಲಾಡಲೇಸಾಬ ಹುಣ್ಣು ತೊಳೆದು ಔಷಧಿ ಹಚ್ಚುವಾಗ, ‘ತೋರಸ’ ಎನ್ನಲಿಲ್ಲ. ಸೀತಿಯ ತಲೆ ಹಿಡಿದುಕೊಂಡು ಸುಮ್ಮನೆ ನಿಂತಳು.

ಹುಣ್ಣು ಮಾಗಿತು. ಆರು ವಾರ ತುಂಬಿದ ಮೇಲೆ ಪಟ್ಟಿ ತೆಗೆದರು. ಕಾಲು ಬತ್ತಿ ಕಡ್ಡಿಯಂತಾಗಿತ್ತು, ಚರ್ಮ ಹೊಪ್ಪಳೆ ಎದ್ದು ಉದುರುತ್ತಿತ್ತು. ಪಾದ ಮಾತ್ರ ನೆಟ್ಟಗಿತ್ತು. ಮೊದಲ ಹತ್ತು ದಿನ ಸೀತಿ ಕುಂಟಿದಳು, ಮಲಕವ್ವ ಊಟ ಬಿಟ್ಟಳು. ಆಮೇಲೆ ಒಂದು ದಿನ ಕರುವಿನ ಹಿಂದೆ ಓಡಿದವಳು ಕುಂಟುವುದನ್ನು ಮರೆತೇಬಿಟ್ಟಳು. ಬೆಳೆಯುವ ಗೆರೆಯ ಹತ್ತಿರ ಪೆಟ್ಟಾಗಿದ್ದರಿಂದ ಆಗಾಗ ಬಂದು ತೋರಿಸಿ ಎಂದಿದ್ದರು ಡಾಕ್ಟರು. ಮಲಕವ್ವ ಅದರ ಜೊತೆಗೆ ತನ್ನ ದಾರಿಯನ್ನೂ ಬಿಡಲಿಲ್ಲ. ಪ್ರತಿ ಸುಗ್ಗಿಗೆ ಹೊಸ ಕಣಿಕೆಯ ದಂಟು ತಂದು, ಸೀತಿಯನ್ನು ಮಲಗಿಸಿ, ಎರಡೂ ಕಾಲನ್ನು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದು ನೋಡುತ್ತಿದ್ದಳು. ದಂಟು ಎರಡೂ ಕಡೆ ಒಂದೇ ಸಮ ಬರುತ್ತಿತ್ತು. ಆದರೂ ಇನ್ನೊಂದು ದಂಟಿನಿಂದ ಮತ್ತೊಮ್ಮೆ ಅಳೆಯುತ್ತಿದ್ದಳು, ಮೊದಲನೆಯದರ ಮೇಲೆ ನಂಬಿಕೆ ಸಾಲದೆ.

ಅರವತ್ತೆಂಟರಲ್ಲಿ ಓಣಿಯ ಸಾವಂತ್ರವ್ವನ ನಾಲ್ಕು ವರ್ಷದ ಮಗಳಿಗೆ ಅದೇ ಹರಡು ಮುರಿಯಿತು. ಸ್ಟೇಷನ್ ರಸ್ತೆಗೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದ ಸಾವಂತ್ರವ್ವ ಎರಡೇ ದಿನಕ್ಕೆ ಮಲಕವ್ವನ ಬಾಗಿಲಿಗೆ ಬಂದಳು.

‘ಮುಚ್ಚಿ ಕೊಟ್ಟಾರ. ಒಳಗ ಏನಾಗೇತೋ ಹ್ಯಾಂಗ ತಿಳೀಬೇಕು? ಒಂದ ಕಡ್ಡಿ ಹಾಕಿ ಮೂಸಿ ನೋಡ ಬಾರವಾ ಅತ್ತಿ. ನಿನ್ನ ಮೂಗಿನಂಥಾ ಮೂಗು ಊರಾಗ ಯಾರಿಗೈತಿ?’

ಮಲಕವ್ವ ಎದ್ದು ಹೋಗಿ ಮೊದಲು ಆ ಕೂಸಿನ ಉಗುರು ಒತ್ತಿ ನೋಡಿದಳು, ಕೆಂಪು ಮರಳಿತು. ಪಟ್ಟಿಯ ಮುಂಭಾಗದ ಅರಿವೆಯ ಮೇಲೆ ಬೆರಳಾಡಿಸಿ, ಸೀಳು ಇದೆಯೋ ಇಲ್ಲವೋ ತಡವಿ ನೋಡಿದಳು, ಇತ್ತು. ಆಮೇಲೆ ಸೀತಿಯನ್ನು ಕೂಗಿದಳು. ಹದಿಮೂರರ ಹುಡುಗಿ ಜಿಗಿಯುತ್ತ ಬಂದಳು. ಮಲಕವ್ವ ಅವಳ ಲಂಗದ ಅಂಚು ತುಸು ಸರಿಸಿ, ಬಲಗಾಲಿನ ಹರಡಿನ ಒಳಬದಿಗೆ ಇದ್ದ ಜೋಳದ ಕಾಳಿನಷ್ಟು ದೊಡ್ಡ ಬಿಳಿ ಕಲೆಯ ಮೇಲೆ ಬೆರಳಿಟ್ಟಳು. ಪಕ್ಕದಲ್ಲೇ ತನ್ನ ಎಡಗಾಲನ್ನೂ ಚಾಚಿ ಇಟ್ಟಳು.

‘ನೋಡು. ಇದು ಬಂದಗೀಸಾಬ ಮಾಡಿದ್ದು. ಮತ್ತ ಇದು, ಸೀತಿ ಕಾಲಿಂದು, ಡಾಕ್ಟರ ಮಾಡಿದ್ದಲ್ಲ, ಲಾಡಲೇಸಾಬ ಮಾಡಿದ್ದಲ್ಲ’ ಎಂದಳು. ‘ಇದು ನಾ ಮಾಡಿದ್ದು.’